ಒಂದೇ ಕಥೆ, ಎರಡು ನ್ಯಾಯ

‘ಫುಲ್‌ಮೆಟಲ್ ಆಲ್ಕೆಮಿಸ್ಟ್’ನ ಹಳೆಯ ಅನಿಮೆ ನೋಡುವುದು ದಂಡ ಎಂಬುದು ನನ್ನ ಮಗಳ ವಾದ. ಊಟದ ಹೊತ್ತಿಗೆ ಶುರುವಾದ ಈ ಜಗಳ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಹಿರೊಮು ಅರಕಾವಾ ಅವರ ಮಾಂಗಾ 2001ರಿಂದ 2010ರವರೆಗೆ ಧಾರಾವಾಹಿಯಾಗಿ ಬಂತು. ಬೋನ್ಸ್ ಸ್ಟುಡಿಯೋ 2003ರಲ್ಲೇ ಅದನ್ನು ಅನಿಮೆ ಮಾಡಲು ಹೊರಟಾಗ ಮೂಲಕಥೆಯೇ ಮುಗಿದಿರಲಿಲ್ಲ. ನಿರ್ದೇಶಕ ಸೇಜಿ ಮಿಜುಶಿಮಾ ಅವರ ತಂಡ 51 ಕಂತುಗಳಲ್ಲಿ ತನ್ನದೇ ದಾರಿ ಹಿಡಿಯಿತು. 2009ರಲ್ಲಿ ಅದೇ ಸ್ಟುಡಿಯೋ ‘ಬ್ರದರ್‌ಹುಡ್’ ಎಂಬ ಹೆಸರಿನಲ್ಲಿ, 64 ಕಂತುಗಳಲ್ಲಿ ಮಾಂಗಾಕ್ಕೆ ನಿಷ್ಠವಾಗಿ ನಡೆಯಿತು.

ಪುಟ್ಟ ನೀನಾಳನ್ನು ಹೆತ್ತ ಅಪ್ಪನೇ ನಾಯಿಯೊಂದಿಗೆ ಬೆಸೆದುಬಿಡುವ ಪ್ರಸಂಗವನ್ನೇ ನೋಡಿ. ಹೊಸದು ಅದನ್ನು ನಾಲ್ಕನೇ ಕಂತಿನಲ್ಲೇ ಮುಗಿಸಿಬಿಡುತ್ತದೆ. ಹಳೆಯದರಲ್ಲಿ ಕಥಾನಾಯಕರಾದ ಎಲ್ರಿಕ್ ಸೋದರರು ಅವಳ ಮನೆಯಲ್ಲೇ ಉಳಿದು ಪರೀಕ್ಷೆಗೆ ಓದುತ್ತಾರೆ, ಅವಳೊಂದಿಗೆ ಆಡುತ್ತಾರೆ. ಹಾಗಾಗಿ ಅವಳ ದುರಂತ ನಮ್ಮ ಮನೆಯದೇ ಅನ್ನಿಸುತ್ತದೆ.

ಕಥೆಯ ಕೃತಕ ಮಾನವರಾದ ಹೊಮುನ್ಕುಲಸ್‌ಗಳ ಹುಟ್ಟೂ ಬೇರೆ ಬೇರೆ. ಹೊಸದರಲ್ಲಿ ಅವು ಒಬ್ಬ ಖಳನ ಏಳು ಪಾಪಗಳು. ಹಳೆಯದರಲ್ಲಿ, ಸತ್ತವರನ್ನು ಬದುಕಿಸಲು ಹೋಗಿ ಸೋತವರ ಫಲ. ಸೋದರರು ತಾವೇ ಎಬ್ಬಿಸಿದ ತಾಯಿಯ ರೂಪದೊಂದಿಗೇ ಹೋರಾಡಬೇಕು.

ಕಥೆಯ ಎಳೆಗಳನ್ನೆಲ್ಲ ಚೊಕ್ಕವಾಗಿ ಸೇರಿಸುವುದರಲ್ಲಿ ‘ಬ್ರದರ್‌ಹುಡ್’ ಮೇಲು, ಒಪ್ಪುತ್ತೇನೆ. ಆದರೆ ನಿಷ್ಠೆಯೊಂದೇ ರೂಪಾಂತರದ ಅಳತೆಗೋಲಲ್ಲ. ಮೊದಲು ಹಳೆಯದನ್ನು ನೋಡಿ, ಆಮೇಲೆ ನನ್ನ ಮಗಳ ಪಕ್ಷ ಸೇರಿ.