ನಿಮ್ಮ ಡ್ರೈವಿಂಗೇ ಸರಿ ಇಲ್ವಂತೆ!

ನೆಲಮಂಗಲ ಫ್ಲೈಓವರ್ ಮೇಲೆ ಎಂಬತ್ತರಲ್ಲಿ ಹೋಗ್ತಿದ್ದ ಡೀಸೆಲ್ ಕಾರು ಇದ್ದಕ್ಕಿದ್ದಂತೆ ಸುಸ್ತಾಯಿತು. ಆಕ್ಸಿಲರೇಟರ್ ಎಷ್ಟು ತುಳಿದರೂ ನಲವತ್ತು ದಾಟಲಿಲ್ಲ. ಬೆನ್ನಿಗೆ ಲಾರಿಯ ಹಾರ್ನ್, ಹಿಂದಿನ ಸೀಟಲ್ಲಿ ಅಮ್ಮ. ಸರ್ವಿಸ್ ಸೆಂಟರಿನವರು ಹೇಳಿದ್ದಿಷ್ಟು: "ಡಿಪಿಎಫ್ ಬ್ಲಾಕ್ ಆಗಿದೆ ಸಾರ್. ನೀವು ಸಿಟೀಲೇ ಜಾಸ್ತಿ ಓಡಿಸ್ತೀರ."

ಡಿಪಿಎಫ್ ಅಂದ್ರೆ ಹೊಗೆಯ ಮಸಿ ಹಿಡಿಯುವ ಜರಡಿ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಕಡ್ಡಾಯವಾದ ಮೇಲೆ ಡೀಸೆಲ್ ಕಾರಿನ ಜೊತೆಗೇ ಬರುತ್ತೆ. ಆ ಮಸಿ ಸುಟ್ಟುಹೋಗಲು ಸುಮಾರು 600 ಡಿಗ್ರಿ ಬಿಸಿ ಬೇಕು. ಅದಕ್ಕೆ ಒಂದಷ್ಟು ಹೊತ್ತು ಕಾರು ನಿಲ್ಲದೆ ಓಡಬೇಕು. ಇಲ್ಲದಿದ್ದರೆ ಜರಡಿ ಕಟ್ಟಿಕೊಳ್ಳುತ್ತೆ, ಇಂಜಿನ್ ತನ್ನನ್ನು ಕಾಪಾಡಿಕೊಳ್ಳಲು ಪವರ್ ಇಳಿಸುತ್ತೆ. ಇದೇ ಲಿಂಪ್ ಮೋಡ್. ಇಂಜಿನ್ ಉಳೀತು ಸರಿ, ಒಳಗಿದ್ದವರು?

ಜರಡಿ ಬೇಡ ಅಂತಲ್ಲ. ನಾವು ಉಸಿರಾಡೋ ಗಾಳಿಗೆ ಅದು ಬೇಕೇ ಬೇಕು. ಆದರೆ ದಿನಾ ಸಿಲ್ಕ್ ಬೋರ್ಡಲ್ಲಿ ತೆವಳುವವನಿಗೆ ಕಾರು ಮಾರುವಾಗ ಈ ಮಾತು ಯಾಕೆ ಬಾಯಿಗೆ ಬರಲಿಲ್ಲ? ಸನ್‌ರೂಫ್ ತೋರಿಸಲು ಅರ್ಧ ಗಂಟೆ ಇತ್ತಲ್ಲ! "ಎಲ್ಲಿ ಓಡಿಸ್ತೀರ ಸಾರ್?" ಅಂತ ಒಂದು ಮಾತು ಕೇಳಿದ್ದರೆ ಪೆಟ್ರೋಲ್ ಕಾರೇ ತಗೊಳ್ತಿದ್ದೆ.

ಬೆಂಗಳೂರಲ್ಲಿ ಮಾರಿದ ಕಾರು ಬೆಂಗಳೂರಲ್ಲೇ ಓಡುತ್ತೆ, ಸ್ವಾಮಿ. ಅದು ಗೊತ್ತಿದ್ದೂ ಮಾರಿ, ಆಮೇಲೆ ತಪ್ಪನ್ನು ನಮ್ಮ ಕಾಲಿನ ಮೇಲೆ ಹಾಕಬೇಡಿ. ನೀವೂ ಅಷ್ಟೇ: ಜಾಬ್ ಕಾರ್ಡಲ್ಲಿ "ಓಡುವಾಗ ಪವರ್ ಹೋಯ್ತು" ಅಂತ ಬರೆಸದೆ ಕೀ ಕೊಡಬೇಡಿ.