ಪಾಸಾಗಬೇಕಾದದ್ದು ರೋಗಿಯಲ್ಲ, ಯಂತ್ರ

ಬೆನ್ನಿನ ಆಪರೇಷನ್ ಆಗಿ ವರ್ಷಗಳು ಕಳೆದರೂ ಕಾಲಿನ ಸೆಳೆತ ಬಿಡದವರಿಗೆ, ಸಕ್ಕರೆ ಕಾಯಿಲೆಯಿಂದ ರಾತ್ರಿಯಿಡೀ ಪಾದ ಉರಿಯುವವರಿಗೆ ದೊಡ್ಡ ಊರುಗಳ ನೋವಿನ ಕ್ಲಿನಿಕ್ಕುಗಳಲ್ಲಿ ಕೊನೆಗೆ ಕೇಳಿಬರುವ ಹೆಸರು ಸ್ಪೈನಲ್ ಕಾರ್ಡ್ ಸ್ಟಿಮ್ಯುಲೇಟರ್. ಬೆನ್ನುಹುರಿಯ ಹೊದಿಕೆಯ ಹೊರಗೆ ತೆಳುವಾದ ತಂತಿ, ಸೊಂಟದ ಹತ್ತಿರ ಚರ್ಮದಡಿ ಬ್ಯಾಟರಿ. ಮಾತ್ರೆ, ಇಂಜೆಕ್ಷನ್, ಫಿಸಿಯೋಥೆರಪಿ ಎಲ್ಲ ಸೋತ ಮೇಲೆ ಬರುವ ಹೆಸರು ಅದು. ಆ ಹೊತ್ತಿಗೆ ಪ್ರಶ್ನೆ ಕೇಳುವ ತ್ರಾಣವೇ ಉಳಿದಿರುವುದಿಲ್ಲ. ಸಂಕಟ ಬಂದಾಗ ವೆಂಕಟರಮಣ ಎನ್ನುವಂಥ ಗಳಿಗೆಯಲ್ಲಿ ಸಹಿ ಬೀಳುತ್ತದೆ.

ಅನುಮಾನ ತೋರಿದವರಿಗೆ ಸಿಗುವ ಸಮಾಧಾನ ಒಂದೇ: "ಮೊದಲು ಟ್ರಯಲ್ ಮಾಡೋಣ." ತಂತಿ ಮಾತ್ರ ಒಳಗೆ, ಬ್ಯಾಟರಿ ಹೊರಗೆ, ಸುಮಾರು ಒಂದು ವಾರ. ನೋವು ಅರ್ಧಕ್ಕೆ ಇಳಿದರೆ ಪಾಸು, ಯಂತ್ರ ಒಳಗೆ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಈ ವಾರದ ಮೇಲೆ ಹೊರಿಸಿರುವ ಭಾರವನ್ನು ಅದು ಹೊರಲಾರದು.

ಈ ಚಿಕಿತ್ಸೆ ಮೋಸವೇನಲ್ಲ. 1965ರಲ್ಲಿ ಮೆಲ್‌ಝ್ಯಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಬೆನ್ನುಹುರಿಯಲ್ಲಿ ನೋವಿಗೊಂದು ಬಾಗಿಲಿದೆ, ಬೇರೆ ಸಂವೇದನೆಗಳಿಂದ ಅದನ್ನು ಮುಚ್ಚಬಹುದು ಎಂದು ವಾದಿಸಿದರು. 1967ರಲ್ಲಿ ಅಮೆರಿಕದ ನಾರ್ಮನ್ ಶೀಲಿ ಮೊದಲ ಬಾರಿಗೆ ಮನುಷ್ಯನ ಬೆನ್ನಿನಲ್ಲಿ ಇಂಥ ಸಾಧನ ಕೂರಿಸಿದರು. ಬ್ರಿಟನ್ನಿನ ನೈಸ್ ಸಂಸ್ಥೆ 2008ರಿಂದ ನರದ ನೋವಿಗೆ ಇದನ್ನು ಒಪ್ಪಿದೆ. ಅದಕ್ಕೆ ಷರತ್ತುಗಳೂ ಇವೆ: ಬೇರೆ ಚಿಕಿತ್ಸೆ ಪಡೆದೂ ಆರು ತಿಂಗಳು ತೀವ್ರ ನೋವು ಉಳಿದಿರಬೇಕು, ಬೇರೆ ಬೇರೆ ವಿಭಾಗಗಳ ತಜ್ಞರ ತಂಡ ರೋಗಿಯನ್ನು ನೋಡಿರಬೇಕು, ಟ್ರಯಲ್ ಯಶಸ್ವಿಯಾಗಿರಬೇಕು.

ತೊಡಕಿರುವುದು ಈ ಕೊನೆಯ ಷರತ್ತಿನಲ್ಲಿ. 2022ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನದಲ್ಲಿ ಬೆನ್ನಿನ ಆಪರೇಷನ್ ನಂತರವೂ ಕಾಲುನೋವು ಉಳಿದಿದ್ದ 50 ಜನರಿದ್ದರು. ಎಲ್ಲರೂ ಟ್ರಯಲ್ ಪಾಸಾದವರು, ಎಲ್ಲರಿಗೂ ಯಂತ್ರ ಕೂರಿಸಲಾಗಿತ್ತು. ಕೆಲವು ತಿಂಗಳು ವಿದ್ಯುತ್ ಹರಿಸಿ, ಕೆಲವು ತಿಂಗಳು ರೋಗಿಗೆ ತಿಳಿಯದಂತೆ ನಿಲ್ಲಿಸಿ ನೋಡಿದರು. ದಿನನಿತ್ಯದ ಓಡಾಟದಲ್ಲಿ ಎರಡೂ ಅವಧಿಗಳಲ್ಲಿ ಸುಧಾರಣೆ ಕಂಡಿತು, ಎರಡರ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಬಳಸಿದ್ದು ಬರ್ಸ್ಟ್ ಎಂಬ ಒಂದೇ ಬಗೆಯ ವಿದ್ಯುತ್ ಎಂಬ ಆಕ್ಷೇಪ ಇದೆ, ಅದನ್ನು ಒಪ್ಪೋಣ. ಆದರೂ ಟ್ರಯಲ್ ಪಾಸಾಗುವುದಕ್ಕೂ ವಿದ್ಯುತ್ತೇ ಕೆಲಸ ಮಾಡುವುದಕ್ಕೂ ನಡುವಿನ ಅಂತರ ಅಲ್ಲಿ ಬಯಲಾಯಿತು. ವರ್ಷಗಟ್ಟಲೆ ನರಳಿದವರಿಗೆ ಒಂದು ವಾರ ಆಸೆಯೇ ಔಷಧಿಯಾಗಬಲ್ಲದು.

ಸಕ್ಕರೆ ಕಾಯಿಲೆಯ ನರದ ನೋವಿನ ಮೇಲೆ 2021ರಲ್ಲಿ ಬಂದ 216 ಜನರ ಅಧ್ಯಯನ ದೊಡ್ಡ ಪರಿಹಾರ ತೋರಿಸಿತು. ಆದರೆ ಅದಕ್ಕೆ ಹಣ ಹಾಕಿದ್ದು ಯಂತ್ರ ತಯಾರಿಸುವ ಕಂಪನಿ, ಯಾರಿಗೆ ಯಂತ್ರ ಸಿಕ್ಕಿದೆ ಎಂಬುದು ಯಾರಿಗೂ ಗುಟ್ಟಾಗಿರಲಿಲ್ಲ.

ಇನ್ನು ಯಂತ್ರ ಒಳಗೆ ಹೋದ ಮೇಲಿನ ಕಥೆ. ಅಮೆರಿಕದ ವಿಮಾ ದಾಖಲೆಗಳನ್ನು ಜಾಲಾಡಿದ 2022ರ ಅಧ್ಯಯನದಲ್ಲಿ, ಯಂತ್ರ ಹಾಕಿಸಿಕೊಂಡ 1,260 ಜನರಲ್ಲಿ 17.9 ಶೇಕಡಾ ಜನ ಎರಡು ವರ್ಷದೊಳಗೆ ಅದರಿಂದಾದ ತೊಂದರೆ ಅನುಭವಿಸಿದ್ದರು. 22.1 ಶೇಕಡಾ ಜನರಿಗೆ ಅದನ್ನು ಸರಿಪಡಿಸಲು ಇಲ್ಲವೇ ತೆಗೆಯಲು ಮತ್ತೆ ಕತ್ತರಿ ಆಡಿಸಬೇಕಾಯಿತು. ತಂತಿ ಜರುಗುತ್ತದೆ, ಸೋಂಕು ತಗಲುತ್ತದೆ, ಬ್ಯಾಟರಿ ಮುಗಿಯುತ್ತದೆ. ಟ್ರಯಲ್ ವಾರದಲ್ಲಿ ಇವುಗಳಲ್ಲಿ ಬಹುಪಾಲು ಕಾಣಿಸುವುದೇ ಇಲ್ಲ.

ಗದಗದಿಂದಲೋ ಶಿರಸಿಯಿಂದಲೋ ತಾಯಿಯನ್ನು ಪುಣೆಗೆ, ಹೈದರಾಬಾದಿಗೆ ಕರೆತಂದು ತೋರಿಸುವ ಮಕ್ಕಳಿಗೆ ಇದರ ಮೇಲೆ ಇನ್ನೆರಡು ಹೊರೆ. ತಾಯಿ ಉರಿ, ಜೋಮು, ಸೂಜಿ ಚುಚ್ಚಿದ ಹಾಗೆ, ಕರೆಂಟ್ ಹೊಡೆದ ಹಾಗೆ ಎನ್ನುತ್ತಾಳೆ. ನರದ ನೋವನ್ನು ಗುರುತಿಸುವುದೇ ಈ ಮಾತುಗಳಿಂದ. ಮಗ ಎಲ್ಲವನ್ನೂ "ದರ್ದ್" ಎಂಬ ಒಂದೇ ಪದಕ್ಕೆ ಇಳಿಸುತ್ತಾನೆ. ಟ್ರಯಲ್ ಮುಗಿದಾಗ ಕೇಳುವುದು ಹತ್ತಕ್ಕೆ ಎಷ್ಟು ಎಂಬ ಅಂಕಿ. ಮಕ್ಕಳ ಖರ್ಚು ಕಣ್ಣಿಗೆ ಕಟ್ಟುತ್ತಿರುವ ತಾಯಿ ಎಂಟನ್ನು ನಾಲ್ಕು ಎನ್ನಲು ಎಷ್ಟು ಹೊತ್ತು? ಎರಡನೆಯದು, ವಾಪಸು ಊರಿಗೆ ಹೋದ ಮೇಲೆ ಯಂತ್ರದ ವಿದ್ಯುತ್ತನ್ನು ಆಗಾಗ ಹೊಂದಿಸುವವರು ಯಾರು? ಹಲವೆಡೆ ಆ ಕೆಲಸ ಕಂಪನಿಯ ಪ್ರತಿನಿಧಿಯದು, ಅವರು ಇರುವುದು ದೊಡ್ಡ ಊರಿನಲ್ಲಿ. ವಿಮಾ ಪ್ರಾಧಿಕಾರ 2019ರಲ್ಲಿ ವಿಮೆಯಿಂದ ಹೊರಗಿಡಬಾರದೆಂದು ಪಟ್ಟಿ ಮಾಡಿದ ಆಧುನಿಕ ಚಿಕಿತ್ಸೆಗಳಲ್ಲಿ ಮಿದುಳಿನ ಸ್ಟಿಮ್ಯುಲೇಟರ್ ಇದೆ, ಬೆನ್ನುಹುರಿಯದರ ಹೆಸರಿಲ್ಲ. ಆದ್ದರಿಂದ ವಿಮೆ ಸಿಗುತ್ತದೆಂಬ ಮಾತು ಕಾಗದದ ಮೇಲೆ ಬರುವ ತನಕ ಮಾತಷ್ಟೇ.

ಹಾಗಾದರೆ ಬೇಡವೆನ್ನಬೇಕೆ? ಅಲ್ಲ. ಪರೀಕ್ಷೆಯನ್ನು ತಿರುಗಿಸಬೇಕು. ಟ್ರಯಲ್‌ಗೆ ಮುಂಚೆಯೇ ಅಂಕಿಯ ಬದಲು ಕೆಲಸಗಳನ್ನು ಬರೆದಿಡಬೇಕು: ಎಷ್ಟು ಗಂಟೆ ನಿದ್ದೆ, ಎಷ್ಟು ಮೆಟ್ಟಿಲು, ಯಾವ ಮಾತ್ರೆ ಎಷ್ಟು ಕಮ್ಮಿ. ಟ್ರಯಲ್ ಮುಗಿದ ದಿನವೇ ಸಹಿ ಹಾಕಬಾರದು. ತಂತಿ ತೆಗೆದು ಮನೆಗೆ ಬಂದು, ಕೆಲವು ವಾರ ಕಳೆದು, ಯಂತ್ರ ಮಾರುವುದರಲ್ಲಿ ಲಾಭವಿಲ್ಲದ ಇನ್ನೊಬ್ಬ ವೈದ್ಯರ ಬಳಿ ಕೇಳಬೇಕು. ಯಂತ್ರ ತೆಗೆಯಬೇಕಾಗಿ ಬಂದರೆ ಖರ್ಚು ಯಾರದು ಎಂಬುದು ಬರವಣಿಗೆಯಲ್ಲಿರಬೇಕು.

ಇಷ್ಟಕ್ಕೆ ಸಿಡುಕುವ ಕ್ಲಿನಿಕ್ಕು ಅಲ್ಲೇ ಫೇಲಾಯಿತು. ಹತ್ತು ವರ್ಷ ನೋವು ತಿಂದವರಿಗೆ ಇನ್ನೊಂದು ತಿಂಗಳು ಕಾಯುವುದು ಕಷ್ಟ, ನಿಜ. ಆದರೆ ಅವಸರ ಅವರದಾಗಿರಬಹುದು, ಆಸ್ಪತ್ರೆಯದಾಗಿರಬಾರದು.