ಆರು ಸಾವಿರ ಕೋಟಿಯ ಚಂದಾ

ದುಡ್ಡು ಕೊಟ್ಟು ಓದುವುದೋ, ಪುಕ್ಕಟೆ ಸಿಕ್ಕಿದ್ದರಲ್ಲೇ ಸಾಗಿಸುವುದೋ? ಸಂಶೋಧನಾ ಜರ್ನಲ್‌ಗಳ ಮಟ್ಟಿಗೆ ಕೇಂದ್ರ ಸರ್ಕಾರ ಈ ಪ್ರಶ್ನೆಗೆ ಉತ್ತರ ಕೊಟ್ಟಾಗಿದೆ. ‘ಒಂದು ರಾಷ್ಟ್ರ, ಒಂದು ಚಂದಾ’ ಯೋಜನೆಗೆ 2025ರಿಂದ 2027ರವರೆಗೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳಿಗೆ ಸಿಗುತ್ತವೆ.

ಸದ್ಯಕ್ಕೆ ಈ ಚಂದಾ ಬೇಕೇ ಬೇಕು. ಕಲಬುರಗಿಯಲ್ಲೋ ಬಳ್ಳಾರಿಯಲ್ಲೋ ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುವವರು ಒಂದು ಲೇಖನಕ್ಕಾಗಿ ದೊಡ್ಡ ಸಂಸ್ಥೆಗಳಲ್ಲಿರುವ ಪರಿಚಯಸ್ಥರನ್ನು ಕಾಡಬೇಕಿಲ್ಲ. ಭೌತವಿಜ್ಞಾನದವರಿಗೆ 1991ರಿಂದಲೂ ಆರ್ಕೈವ್ ಎಂಬ ಪುಕ್ಕಟೆ ಭಂಡಾರವಿದೆ. ರಸಾಯನಶಾಸ್ತ್ರದಲ್ಲಿ ಅಷ್ಟು ಆಳವಾಗಿ ಬೇರುಬಿಟ್ಟದ್ದು ಇಲ್ಲ.

ಆದರೆ ನಾವು ಕೊಳ್ಳುತ್ತಿರುವುದಾದರೂ ಏನನ್ನು? ನಮ್ಮಲ್ಲಿ ಸಂಶೋಧನೆಗೆ ಸಿಗುವ ಅನುದಾನ ಬಹುಪಾಲು ಜನರ ತೆರಿಗೆ. ಲೇಖನ ಬರೆದವರಿಗೆ ಸಂಭಾವನೆಯಿಲ್ಲ. ಅದರ ಸರಿತಪ್ಪು ತೂಗುವವರೂ ಸಾಮಾನ್ಯವಾಗಿ ಕಾಸು ಪಡೆಯದೆ ದುಡಿಯುವ ವಿಜ್ಞಾನಿಗಳೇ. ನಮ್ಮ ಹೊಲದ ಜೋಳವನ್ನು ನಾವೇ ಸಂತೆಯಿಂದ ಕೊಂಡು ತಂದಂತಾಯಿತು. ಇಷ್ಟು ತೆತ್ತ ಮೇಲೂ ಖಾಸಗಿ ಕಾಲೇಜಿನ ಅಧ್ಯಾಪಕರು, ತಾಲ್ಲೂಕು ಆಸ್ಪತ್ರೆಯ ವೈದ್ಯರು, ಸಾರ್ವಜನಿಕ ಗ್ರಂಥಾಲಯದ ಓದುಗರು ಬಾಗಿಲ ಹೊರಗೇ ಇದ್ದಾರೆ. ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹೆಚ್ಚಿನವು ಖಾಸಗಿಯಾಗಿರುವ ಕರ್ನಾಟಕಕ್ಕೆ ಇದು ಸಣ್ಣ ಮಾತಲ್ಲ.

ಪುಕ್ಕಟೆ ಎಂದರೆ ಕಳಪೆ ಎನ್ನುವವರು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯನ್ನು ನೋಡಲಿ. ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಸಂಸ್ಥೆ ಅದು. ಅಲ್ಲಿಯ ಭೌತವಿಜ್ಞಾನ ಜರ್ನಲ್ ‘ಪ್ರಮಾಣ’ವನ್ನಾಗಲಿ, ಕಾಲೇಜು ವಿದ್ಯಾರ್ಥಿಗಳಿಗೆಂದೇ 1996ರಿಂದ ಬರುತ್ತಿರುವ ‘ರೆಸೊನೆನ್ಸ್’ ಪತ್ರಿಕೆಯನ್ನಾಗಲಿ ಯಾರು ಬೇಕಾದರೂ ಅದರ ಜಾಲತಾಣದಲ್ಲಿ ಓದಬಹುದು. ಅದಕ್ಕೂ ಖರ್ಚಿದೆ, ನಿಜ. ಆ ಖರ್ಚನ್ನು ಜಾಲತಾಣಕ್ಕೆ ಬರುವ ಓದುಗರ ತಲೆಗೆ ಕಟ್ಟಿಲ್ಲ.

ತಮ್ಮ ಅನುದಾನದಿಂದ ಹುಟ್ಟಿದ ಲೇಖನಗಳ ಪ್ರತಿಯನ್ನು ಮುಕ್ತ ಭಂಡಾರದಲ್ಲಿ ಇಡಬೇಕೆಂದು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ವಿಜ್ಞಾನ-ತಂತ್ರಜ್ಞಾನ ಇಲಾಖೆ 2014ರಲ್ಲೇ ನೀತಿ ರೂಪಿಸಿದವು. ಭಾರತೀಯ ವಿಜ್ಞಾನ ಸಂಸ್ಥೆ ಅಂಥ ಭಂಡಾರವನ್ನು ಅದಕ್ಕೂ ಮೊದಲೇ, 2002ರಲ್ಲಿ ತೆರೆದಿತ್ತು. ನೀತಿಯೂ ಇದೆ, ಮಾದರಿಯೂ ಇದೆ. ಪಾಲಿಸಲೇಬೇಕೆಂಬ ಬಿಗಿ ಇಲ್ಲ. 2027ರ ನಂತರವೂ ಚಂದಾ ಮುಂದುವರಿಸುವ ಮಾತು ಬಂದಾಗ ಸರ್ಕಾರ ಪ್ರಕಾಶಕರ ಮುಂದೆ ಒಂದು ಷರತ್ತು ಇಡಲಿ: ಭಾರತದಲ್ಲಿ ಸಾರ್ವಜನಿಕ ಹಣದಿಂದ ನಡೆದ ಸಂಶೋಧನೆಯ ಪ್ರತಿ ಲೇಖನವೂ ಪ್ರಕಟವಾದ ದಿನವೇ ಎಲ್ಲರಿಗೂ ತೆರೆದಿರಬೇಕು. ಒಪ್ಪದವರ ಪಾಲಿನ ಹಣ ನಮ್ಮ ಮುಕ್ತ ಜರ್ನಲ್‌ಗಳನ್ನು ಬೆಳೆಸಲು ಹೋಗಲಿ.